ಎಲೆಚೀಲದಲ್ಲಿದ್ದ ಏಳು ತಾಳಿ

ಕೋವಿಡ್ ಮುಗಿದ ಮರುವರ್ಷ ನಾನು ದೇವದುರ್ಗದಲ್ಲಿ ಎಎಸ್‌ಐ, ಅಂದರೆ ಸಹಾಯಕ ಸಬ್ ಇನ್ಸ್‌ಪೆಕ್ಟರ್ ಆಗಿದ್ದೆ. ಹೆಂಗಸರ ದೂರುಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು. ಅನುಮಾನ ಪಡುವುದಕ್ಕೇ ಸರ್ಕಾರ ಸಂಬಳ ಕೊಡುತ್ತದೆ ಎಂದು ನಂಬಿದವಳು ನಾನು. ಮನೆಗೆ ಬರುವ ಹಾಲಿನವನನ್ನೂ ಬಿಟ್ಟವಳಲ್ಲ.

ಒಂದು ಸಂತೆಯ ದಿನ ಜನ ಬಸ್ ನಿಲ್ದಾಣದಿಂದ ಒಬ್ಬ ಹೆಂಗಸನ್ನು ಠಾಣೆಗೆ ಎಳೆದುಕೊಂಡೇ ಬಂದರು. ಮಾನ್ವಿ ಕಡೆಯ ಹುಲಿಗೆಮ್ಮ, ಮೇಸ್ತ್ರಿ. ನಮ್ಮ ಹಳ್ಳಿಗಳ ಹೆಂಗಸರ ಗುಂಪು ಕಟ್ಟಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಕರೆದೊಯ್ಯುವವಳು. ಜೊತೆಗೆ ಗಂಡಸರಿಲ್ಲ ಎಂಬ ಒಂದೇ ಕಾರಣಕ್ಕೆ ಊರವರಿಗೆ ಅವಳ ಮೇಲೆ ಮೊದಲಿನಿಂದಲೂ ಒಂದು ಕಣ್ಣು.

ದೂರು ಅಯ್ಯಮ್ಮನದು. ಅವಳ ಸೊಸೆ ರೇಣುಕಾ ಮಗಳನ್ನು ಅತ್ತೆಯ ಬಳಿ ಬಿಟ್ಟು ಆ ಗುಂಪಿನಲ್ಲಿ ಹೋಗಿದ್ದಳು. ಸೊಸೆಯ ಸುದ್ದಿ ಕೇಳಲು ನಿಲ್ದಾಣಕ್ಕೆ ಬಂದ ಅಯ್ಯಮ್ಮ, ಮಾತಿನ ನಡುವೆ ಬಾಯಿಗೆ ಒಂದೆಲೆ ಅಡಿಕೆ ಕೇಳಿದ್ದಾಳೆ. ಹುಲಿಗೆಮ್ಮ ಸೊಂಟದ ಎಲೆಚೀಲ ಬಿಚ್ಚಿದರೆ, ಎಲೆಯ ಹಿಂದೆಯೇ ತಾಳಿಗಳು ಜಾರಿ ಬಿದ್ದವು. ಏಳು. ಅವುಗಳಲ್ಲಿ ಒಂದರ ಹವಳ ನೋಡಿ ಅದು ಸೊಸೆಯದೆಂದು ಅಯ್ಯಮ್ಮ ಗುರುತು ಹಿಡಿದಳು.

"ನನ್ನ ಸೊಸಿನ್ನ ಮಾರ್ಯಾಳ್ರೀ ಮೇಡಂ! ಕೊಳ್ಳಾಗಿನ ತಾಳಿ ಯಾರರ ಬಿಚ್ಚಿ ಕೊಡತಾರೇನ್ರೀ?"

ಮಾನವ ಕಳ್ಳಸಾಗಣೆ ಎಂದು ನನ್ನ ಮನಸ್ಸು ಆಗಲೇ ಕಾನೂನಿನ ಕಲಂ ಹುಡುಕುತ್ತಿತ್ತು.

"ಪೋಣಿಸಾಕ ತಂದೀನ್ರೀ," ಎಂದಳು ಹುಲಿಗೆಮ್ಮ. "ಸಿಮೆಂಟಿಗೆ ದಾರ ಸವದಾವ. ನಮ್ಮ ಕಡಿ ಹಂಗ ಅಲ್ಲಿ ಯಾರೂ ಪೋಣಿಸೂದಿಲ್ಲ. ರಾಯಚೂರಿಗೆ ಒಯ್ಯಾಕತ್ತೀನಿ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ. ತಾಳಿ ಪೋಣಿಸಲು ಕೊಟ್ಟರೆ ನಮ್ಮ ಹೆಂಗಸರು ಕೊರಳು ಬರಿದು ಬಿಡುವುದಿಲ್ಲ, ದಾರಕ್ಕೆ ಅರಿಶಿನ ಕೊಂಬು ಕಟ್ಟಿಕೊಳ್ಳುತ್ತಾರೆ. ಅವಳ ಮೊಬೈಲಿನಿಂದಲೇ ವಿಡಿಯೋ ಕಾಲ್ ಮಾಡಿಸಿದೆ. ಆರು ಜನ ನಗುತ್ತಾ ಅರಿಶಿನ ಕೊಂಬು ಎತ್ತಿ ತೋರಿಸಿದರು. ರೇಣುಕಾ ಮಾತ್ರ ಹಿಂದೆ ನಿಂತಿದ್ದಳು, ಸೆರಗನ್ನು ಕೊರಳಿಗೆ ಸುತ್ತಿಕೊಂಡು.

"ಸೆರಗು ಸರಿಸವ್ವಾ," ಎಂದೆ. ಕೊರಳಲ್ಲಿ ಒಂದು ದಾರವೂ ಇರಲಿಲ್ಲ.

ಹುಲಿಗೆಮ್ಮ ತಲೆ ತಗ್ಗಿಸಿದಳು. ಸುಳ್ಳು ಸಿಕ್ಕಿಬಿತ್ತು ಎಂದು ನನಗೆ ಒಳಗೊಳಗೇ ಖುಷಿಯೇ ಆಯಿತು. ಕೇಸು ಬರೆಯಲು ಕಾಗದ ತರಿಸಿದೆ. ಅದನ್ನು ನೋಡಿ ಅವಳು ಮೊಬೈಲಿನ ಕಡೆ ತಿರುಗಿದಳು: "ನೀನ ಹೇಳು ರೇಣುಕಾ. ನಿನ್ನ ಮಾತು ಮುಚ್ಚಿಟ್ಟು ನಾ ಜೇಲಿಗೆ ಹೋಗಲೇನು?"

ರೇಣುಕಾ ಮುಂದೆ ಬಂದು ಮೊಬೈಲನ್ನು ಕೈಗೆ ತೆಗೆದುಕೊಂಡಳು. "ಅತ್ತಿ, ನನ್ನ ಯಾರೂ ಮಾರಿಲ್ಲ. ಅದು ಪೋಣಿಸಾಕಲ್ಲ, ನಿಮಗ ತಿರುಗಿ ಕೊಡಾಕ. ನಿಮ್ಮ ಮಗ ಪುಣೆದಾಗ ಇನ್ನೊಂದು ಮನಿ ಮಾಡ್ಯಾನ, ನಿಮಗೂ ಗೊತ್ತದ. ನಾನ ಹೇಳಿದ್ರ ಮನಿ ಬಿಡಸ್ತೀರಿ, ಮಗಳನ್ನ ಕೊಡೂದಿಲ್ಲಂತ ಅಂಜಿ ಅಕ್ಕನ ಕೈಯಾಗ ಕಳಿಸೀನಿ."

ಅಷ್ಟು ಜನರೆದುರು ಇದನ್ನು ಹೇಳಲಾರದೆ ಹುಲಿಗೆಮ್ಮ ಏಳೂ ಪೋಣಿಸಲಿಕ್ಕೇ ಎಂದುಬಿಟ್ಟಿದ್ದಳು.

ನಾನು ಅಯ್ಯಮ್ಮನ ಮುಖವನ್ನೇ ನೋಡುತ್ತಿದ್ದೆ. ಮಗನ ಪರ ನಿಲ್ಲುತ್ತಾಳೆ, ಸೊಸೆಯನ್ನು ಹೊರಗಟ್ಟುತ್ತಾಳೆ ಎಂದೇ ನನ್ನ ಅನುಮಾನ. ಅವಳು ಆ ತಾಳಿಯನ್ನು ಸೆರಗಿನ ತುದಿಗೆ ಗಂಟು ಹಾಕಿ, ಮೊಬೈಲಿಗೆ ಮುಖ ಹಚ್ಚಿ ಹೇಳಿದಳು:

"ಮನಿ ಅವಂದಲ್ಲ ಬೇ, ನಂದು. ನಿನ್ನ ಮಗಳು ದಿನಾ ಬಾಗಲಾಗ ಕುಂತು ದಾರಿ ನೋಡತಾಳ. ಪಂಚಮಿಗೆ ಬಾ."

ನಾಗರ ಪಂಚಮಿಗೆ ನಮ್ಮಲ್ಲಿ ಮನೆಗೆ ಕರೆಯುವುದು ಮಗಳನ್ನು, ಸೊಸೆಯನ್ನಲ್ಲ. ನನ್ನ ಕಣ್ಣು ತುಂಬಿ ಬಂತು.

ಹುಲಿಗೆಮ್ಮ ಉಳಿದ ಆರು ತಾಳಿ ಚೀಲಕ್ಕೆ ಹಾಕಿಕೊಂಡು, "ಈಗರ ಒಂದೆಲಿ ಹಾಕ್ತೀರೇನ್ರೀ ಮೇಡಂ?" ಎಂದು ನನ್ನನ್ನೇ ಛೇಡಿಸಿ ರಾಯಚೂರಿನ ಬಸ್ಸು ಹಿಡಿದಳು.

ಅನುಮಾನದ ಬುದ್ಧಿ ನಿವೃತ್ತಿಯ ನಂತರವೂ ನನ್ನನ್ನು ಬಿಟ್ಟಿಲ್ಲ. ಆದರೆ ದುಡಿಯಲು ಹೋದ ಹೆಂಗಸಿನ ಮೇಲೆ ಯಾರೇ ದೂರು ತಂದರೂ, ಆ ದಿನದ ನಂತರ ಠಾಣೆಯಲ್ಲಿ ನನ್ನ ಮೊದಲ ಪ್ರಶ್ನೆ ಬೇರೆಯಾಯಿತು: "ಆಕಿ ಗಂಡ ಎಲ್ಲಿದ್ದಾನ?" ಅಯ್ಯಮ್ಮನ ಮಗ ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವನನ್ನು ಹುಡುಕಿಕೊಡಿ ಎಂದು ಆ ಊರಿನಿಂದ ಒಬ್ಬರೂ ನಮ್ಮ ಠಾಣೆಯ ಮೆಟ್ಟಿಲು ಹತ್ತಿರಲಿಲ್ಲ.