ಅರಿಸಿನ ಹಚ್ಚಿಕೊಳ್ಳದೆ ಬರತಕ್ಕದ್ದು

ಮನುಷ್ಯನ ನಿಜವಾದ ಮುಖವನ್ನು ಬಲ್ಲವನು ಭಗವಂತನೊಬ್ಬನೇ. ಅವನನ್ನು ಬಿಟ್ಟರೆ ನಾನು. ಏಕೆಂದರೆ ಅದನ್ನು ಚೂಪು ಪೆನ್ಸಿಲಿನಿಂದ ಮುಚ್ಚಿಹಾಕುವುದೇ ನನ್ನ ಉದ್ಯೋಗವಾಗಿತ್ತು.

ಕೊಯಮತ್ತೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಗಾಜಿನ ನೆಗೆಟಿವ್‌ಗಳನ್ನು ತಿದ್ದಲು ನಾನು ಕೂತದ್ದು ನನ್ನ ಇಪ್ಪತ್ತನೆಯ ವಯಸ್ಸಿಗೆ. ನಮ್ಮದು ಕನ್ನಡ ಮಾತಾಡುವ ನೇಕಾರರ ಮನೆ, ಅಪ್ಪ ಮಗ್ಗದಲ್ಲಿ ನೇಯುತ್ತಿದ್ದರು. ಮಗ್ಗದ ಗುಂಡಿ ನನ್ನ ಕಾಲಿಗೆ ಒಗ್ಗಲಿಲ್ಲ. ಕೈ ಮಾತ್ರ ಸಣ್ಣ ಕೆಲಸಕ್ಕೆ ಪಳಗಿತ್ತು. ಅದೇ ಸಮಯಕ್ಕೆ ಮಾತಾಡುವ ಸಿನಿಮಾ ತೆಗೆಯುವ ಕಂಪನಿಯೊಂದು ಊರಿಗೆ ಬಂತು. ಪಾರ್ಟು ಬೇಕಾದವರು ಮೊದಲು ಫೋಟೋ ಕಳಿಸಬೇಕು, ಮುಖ ಒಪ್ಪಿಗೆಯಾದರೆ ಕರೆಸಿ ದನಿ ಕೇಳುತ್ತೇವೆ ಎಂದು ಅವರು ತಿಳಿಸಿದರು. ಅಂದಿನಿಂದ ಪಕ್ಕದ ಗಣಪತಿ ಎಂಬ ಊರಿನಿಂದ ಲೇತು ಯಂತ್ರ ತಿರುಗಿಸುವವರು, ತಿರುಪ್ಪೂರಿನಿಂದ ಹತ್ತಿ ಮಂಡಿಯ ಗುಮಾಸ್ತರು, ಮಡತ್ತುಕುಳಂನಿಂದ ಗದ್ದೆ ಬಿಟ್ಟು ಬಂದವರು ನಮ್ಮ ಬೆಂಚಿನ ಮೇಲೆ ಸಾಲಾಗಿ ಕೂತರು. ಎಲ್ಲರೂ ರಾಜಕುಮಾರನ ಪಾರ್ಟು ಮಾಡಲೆಂದೇ ಹುಟ್ಟಿದವರು. ದ್ವಾರಪಾಲಕನ ಪಾರ್ಟು ಮಾಡಲು ಹುಟ್ಟಿದವನು ಒಬ್ಬನೂ ಬರಲಿಲ್ಲ.

ಇವರಿಗೆಲ್ಲ ಒಬ್ಬೊಬ್ಬರಿಗೂ ನಿಯಮ ಹೇಳಿ ಹೇಳಿ ಬಾಯಿ ಒಣಗಿ, ಸ್ಟುಡಿಯೋದ ಯಜಮಾನರಾದ ಮೊದಲಾಳಿ ತಮಿಳಿನಲ್ಲಿ ಒಂದು ಹಲಗೆ ಬರೆಸಿದರು. ಬರೆದವನು ನಾನು. ಮುಖಕ್ಕೆ ಅರಿಸಿನ ಹಚ್ಚಿಕೊಳ್ಳದೆ ಬರತಕ್ಕದ್ದು. ಕೆಂಪು ಸೀರೆ, ಹಳದಿ ಸೀರೆ ಕೂಡದು. ತಲೆಯಲ್ಲಿ ಹೂವಿನ ಹೊರೆ ಕೂಡದು. ಹಣೆಯ ಕುಂಕುಮ ಒರೆಸಿಕೊಂಡು ಕೂರತಕ್ಕದ್ದು. ನಗಕೂಡದು. ಹೇಳುವ ತನಕ ಅಲ್ಲಾಡಕೂಡದು.

ಇದರಲ್ಲಿ ಹಟವೇನೂ ಇರಲಿಲ್ಲ. ನಮ್ಮ ಗಾಜಿನ ಪ್ಲೇಟುಗಳಿಗೆ ಹಳದಿಯೂ ಕಪ್ಪು, ಕೆಂಪೂ ಕಪ್ಪು. ಬೆಳ್ಳಗೆ ಕಾಣಲೆಂದು ಮೂರು ದಿನ ಅರಿಸಿನ ತಿಕ್ಕಿಕೊಂಡು ಬಂದ ಹುಡುಗಿ ಫೋಟೋದಲ್ಲಿ ಇದ್ದಿಲ ಮೂಟೆಯ ಹಿಂದಿನಿಂದ ಇಣುಕಿದಂತೆ ಕಾಣುತ್ತಿದ್ದಳು. ಅಗಲವಾದ ಕುಂಕುಮ ಹಣೆಗೆ ತೂತು ಬಿದ್ದಂತೆ ಕಾಣುತ್ತಿತ್ತು. ಆದರೆ ಇದನ್ನು ತಾಯಂದಿರಿಗೆ ತಿಳಿಸಿ ಹೇಳುವವರು ಯಾರು? ತಿರುಪ್ಪೂರಿನ ತಾಯಿಯೊಬ್ಬಳು ಹಲಗೆಯನ್ನು ಮಗಳಿಂದ ಓದಿಸಿ ಕೇಳಿ ಸೊಂಟಕ್ಕೆ ಸೆರಗು ಬಿಗಿದಳು.

"ಏನಯ್ಯಾ, ತಾಳಿ ಕಟ್ಟಿಸಿಕೊಳ್ಳೋಕೆ ಮುಂಚೆಯೇ ನನ್ನ ಮಗಳನ್ನ ಮುಂಡೆ ಮಾಡಿ ಕೂರಿಸ್ತೀಯಾ?"

"ಎರಡು ನಿಮಿಷ, ತಾಯೀ," ಎಂದರು ಮೊದಲಾಳಿ, ನನ್ನತ್ತ ಕೈ ತೋರಿಸುತ್ತ. "ಆಮೇಲೆ ನಮ್ಮ ತಂಬಿ ಕುಂಚದಲ್ಲಿ ಪೊಟ್ಟು ಇಡ್ತಾನೆ. ನೀನಿಟ್ಟದ್ದು ಸಂಜೆಗೆ ಅಳಿಸಿಹೋಗುತ್ತೆ, ಅವನಿಟ್ಟದ್ದು ನೂರು ವರ್ಷ ಇರುತ್ತೆ."

ಪದ್ಧತಿ ಅದೇ. ಪ್ರಿಂಟು ಒಣಗಿದ ಮೇಲೆ ಹಣೆಯ ನಡುವೆ ಒಂದು ಚುಕ್ಕೆ ಮಸಿ. ಕೊಯಮತ್ತೂರು ಸೀಮೆಯಲ್ಲಿ ನನ್ನಷ್ಟು ಹೆಂಗಸರ ಹಣೆಗೆ ಬೊಟ್ಟಿಟ್ಟ ಗಂಡಸು ಇನ್ನೊಬ್ಬನಿರಲಾರ. ನನಗೆ ಹೆಣ್ಣು ನೋಡುವಾಗ ಮನೆಯವರು ಈ ಸಂಗತಿಯನ್ನು ಹೇಳದೆ ಉಳಿದರು.

ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ಮನೆಗೆ ಮರಳಿದ್ದಳು. ರಾಟೆಯ ಮುಂದೆ ಕೂತು ಮಗ್ಗಕ್ಕೆ ನೂಲು ಸುತ್ತುವುದು ಅವಳ ಕೆಲಸ. ಯಾರಾದರೂ ಶುಭಕ್ಕೆ ಹೊರಟಾಗ ಒಳಕೋಣೆಗೆ ಸರಿಯುವುದು ಇನ್ನೊಂದು ಕೆಲಸ. ಅದನ್ನು ಅವಳಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ. ರಾಟೆಯ ಸದ್ದಿನ ಮರೆಯಲ್ಲಿ ಹಾಡಿಕೊಳ್ಳುತ್ತಿದ್ದಳು, ಬಹಳ ಚೆನ್ನಾಗಿ. ಅಪ್ಪ ಕೆಮ್ಮಿದರೆ ನಿಲ್ಲಿಸುತ್ತಿದ್ದಳು.

ಒಂದು ಮಧ್ಯಾಹ್ನ ನನಗೆ ಬುತ್ತಿ ತಂದವಳು ಹಲಗೆಯ ಮುಂದೆ ನಿಂತು, ಶಾಲೆಯಲ್ಲಿ ಮೂರು ವರ್ಷ ಕಲಿತ ತಮಿಳಿನಲ್ಲಿ ಅಕ್ಷರ ಕೂಡಿಸಿ ಓದಿದಳು.

"ಏನ್ಡಾ, ಇದ ನೀನಾ ಬರ್ದದ್ದು?"

"ಮೊದಲಾಳಿ ಹೇಳಿದ್ರು, ಬರ್ದೆ."

"ಅರಿಸಿನ ಬ್ಯಾಡ, ಹೂವ ಬ್ಯಾಡ, ಕೆಂಪು ಬ್ಯಾಡ, ಪೊಟ್ಟು ಬ್ಯಾಡ, ನಗಬ್ಯಾಡ, ಅಲ್ಲಾಡಬ್ಯಾಡ. ಏಳು ವರ್ಷದಿಂದ ನಾನು ಇದೇ ತಾನೆ ಮಾಡ್ತಿರದು? ನನ್ನ ತೆಗೀರಿ."

ನಾನು ನಕ್ಕೆ. ಅವಳು ನಗಲಿಲ್ಲ.

"ನಿಜವಾಗ್ಲೂ ಹೇಳ್ತಿದೀನ್ಡಾ. ಮೊಕ ಒಪ್ಪಿದ್ರ ದನಿ ಕೇಳ್ತಾರಂತಲ್ಲ? ಕೇಳ್ಲಿ. ಕರ್ದ್ರ ಹೋಗದು, ಅಪ್ಪಂಗ ಹೋದ ಮ್ಯಾಲ ಹೇಳದು. ಇನ್ನ ನಲವತ್ತು ವರ್ಷ ಆ ರಾಟೆ ಮುಂದ ಕೂರಾಕ ನನ್ನ ಕೈಲಿ ಆಗಲ್ಲ."

ಕತ್ತಲ ಕೋಣೆಯ ಪರದೆ ಸರಿಸಿ ಮೊದಲಾಳಿ ಹೊರಗೆ ಬಂದರು. ಅವರಿಗೆ ನಮ್ಮ ಕನ್ನಡ ಅರ್ಧ ತಿಳಿಯುತ್ತಿತ್ತು, ಅರ್ಧವೇ ಸಾಕಾಯಿತು. ಒಗೆದು ಒಗೆದು ಬೂದಿ ಬಣ್ಣಕ್ಕೆ ತಿರುಗಿದ್ದ ಸೀರೆಯಲ್ಲೇ ಅಕ್ಕನನ್ನು ಗಾಜಿನ ಚಾವಣಿಯ ಕೆಳಗೆ ಕೂರಿಸಿದರು. ಅಲ್ಲಾಡಬೇಡ ಎಂದು ಅವಳಿಗೆ ಹೇಳಬೇಕಾಗಲಿಲ್ಲ. ಪ್ಲೇಟು ತೊಳೆದು ಬೆಳಕಿಗೆ ಹಿಡಿದು ನೋಡಿದ ಮೊದಲಾಳಿ ಅದನ್ನು ನನ್ನ ಕೈಗೆ ಕೊಟ್ಟರು.

"ಇದಕ್ಕೆ ಪೆನ್ಸಿಲ್ ಮುಟ್ಟಿಸಬೇಡ, ತಂಬಿ. ತಿದ್ದೋಕೆ ಏನೂ ಇಲ್ಲ. ಪ್ರಿಂಟಿಗೆ ಪೊಟ್ಟು ಒಂದು ಇಟ್ಟು ಕಳಿಸು."

ಅಕ್ಕ ಬಾಗಿಲಲ್ಲಿ ತಿರುಗಿ, "ಚಿಕ್ಕದಾಗಿ ಇಡುಡಾ. ಕಾಗದದ ಮ್ಯಾಲ ತಾನೆ, ಯಾರಿಗೇನ್ ನಷ್ಟ?" ಎಂದಳು.

ಇಡುತ್ತೇನೆ ಎಂದೆ.

ಮರುದಿನ ಪ್ರಿಂಟು ಒಣಗಿತು. ಕುಂಚವನ್ನು ಮಸಿಗೆ ಅದ್ದಿದೆ. ದಿನಕ್ಕೆ ಹತ್ತು ಹಣೆ ಕಂಡ ಕೈ ಅಕ್ಕನ ಹಣೆಯ ಮೇಲೆ ಬಂದು ನಿಂತುಬಿಟ್ಟಿತು. ಭಾವ ತೀರಿಕೊಂಡ ಹತ್ತನೆಯ ದಿನ ಹೆಂಗಸರು ಸೇರಿ ಅವಳ ಕುಂಕುಮ ಒರೆಸಿದಾಗ ನೀರಿನ ಚೊಂಬು ಹಿಡಿದು ನಿಂತಿದ್ದವನು ನಾನು. ಆಗ ನನಗೆ ಹದಿಮೂರು. ಮಸಿ ಒಣಗಿತು. ಮತ್ತೆ ಅದ್ದಿದೆ. ಮತ್ತೆ ಒಣಗಿತು. ಕೊನೆಗೆ, ಕಲೆಯೆಂಬುದು ಸುಳ್ಳಾಡಬಾರದು, ಸಿನಿಮಾದವರಿಗೆ ಮುಖದ ಲಕ್ಷಣ ಗೊತ್ತಿರುತ್ತದೆ, ಬೊಟ್ಟು ಬೇಕಾದರೆ ಅವರೇ ಇಟ್ಟುಕೊಳ್ಳುತ್ತಾರೆ ಎಂದು ತೀರ್ಮಾನಿಸಿ ಬರಿಯ ಹಣೆಯ ಫೋಟೋವನ್ನೇ ಲಕೋಟೆಗೆ ಹಾಕಿ ಅಂಟಿಸಿದೆ. ನನ್ನ ವೃತ್ತಿಯಲ್ಲಿ ಸತ್ಯಕ್ಕೆ ಅಷ್ಟು ಗೌರವ ಕೊಟ್ಟದ್ದು ಅದೊಂದೇ ಸಲ.

ಸಂಜೆ ಅಕ್ಕ ಕೇಳಿದಳು: "ಇಟ್ಟ್ಯಾ?"

"ಇಟ್ಟೆ."

ಮೂರು ವಾರ ರಾಟೆಯ ಹಾಡು ಹಿತ್ತಲಿನ ತನಕ ಕೇಳಿಸಿತು. ಅಪ್ಪ ಕೆಮ್ಮಿದರು. ಅವಳು ನಿಲ್ಲಿಸಲಿಲ್ಲ.

ಕಂಪನಿಯ ಉತ್ತರ ಸ್ಟುಡಿಯೋದ ವಿಳಾಸಕ್ಕೆ ಬಂತು, ಫೋಟೋ ಸಮೇತ. ಮೊದಲಾಳಿ ಓದಿದರು. ಮುಖ ಬಹಳ ಚೆನ್ನಾಗಿದೆ. ಸದ್ಯ ವಿಧವೆಯ ಪಾರ್ಟು ಯಾವುದೂ ಇಲ್ಲ. ಮೊದಲಾಳಿ ಫೋಟೋ ನೋಡಿದರು, ನನ್ನನ್ನು ನೋಡಿದರು.

"ಅವತ್ತು ಮಸಿ ತೀರಿಹೋಗಿತ್ತಾ, ತಂಬಿ?"

ನಾನು ಇನ್ನೊಂದು ಪ್ರಿಂಟು ಹಾಕಿ ಕಳಿಸೋಣವೇ ಎಂದೆ.

"ಅವರು ಹೀಗೊಂದು ಸಲ ನೋಡಿದ್ದಾಯ್ತಲ್ಲ. ಇನ್ನು ನೀನು ತೆಂಗಿನಕಾಯಿ ಗಾತ್ರದ ಪೊಟ್ಟು ಇಟ್ಟು ಕಳಿಸಿದರೂ ಅವರಿಗೆ ಗೊತ್ತಾಗುತ್ತೆ," ಎಂದು ಕಾಗದ ಮಡಿಸಿ ನನ್ನ ಮೇಜಿನ ಮೇಲಿಟ್ಟು ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಬುತ್ತಿ ತಂದಳು. ಕಾಗದವನ್ನು ನಾನು ಅಷ್ಟರಲ್ಲಿ ಜೇಬಿಗೆ ಸೇರಿಸಿದ್ದೆ.

"ಕಾಗ್ದ ಬಂತಾಡಾ? ಏನಂತ?"

"ಬ್ಯಾಡಾಂತ."

"ಯಾಕಂತೆ?"

"ಯಾಕೇಂತ ಬರ್ದಿಲ್ಲ."

ಬುತ್ತಿ ಬಿಚ್ಚಿ ನನ್ನ ಮುಂದಿಡುತ್ತಾ, "ಪೊಟ್ಟು ನೆಟ್ಟಗ ಇಟ್ಟಿದ್ಯಾ?" ಎಂದಳು.

"ಇಟ್ಟಿದ್ದೆ."

"ಹಂಗಂದ್ರ ಮೊಕಾನೇ ಸರಿಯಿಲ್ಲ ಬುಡು. ಉಣ್ಣು, ಆರೋಗ್ತದ."

ನಾನು ಉಂಡೆ. ಅವಳು ಪಾತ್ರೆ ತೊಳೆದುಕೊಂಡು ಮನೆಗೆ ಹೋದಳು. ನಿಜ ಏನೆಂದು ಅವಳಿಗೆ ನಾನು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಆ ವರ್ಷ ಕಂಪನಿಯವರು ನಮ್ಮ ಸೀಮೆಯಿಂದ ನಾಲ್ಕು ಹೆಣ್ಣುಮಕ್ಕಳನ್ನು ತೆಗೆದುಕೊಂಡರು. ಅಕ್ಕ ಅವರಲ್ಲಿ ಇರಲಿಲ್ಲ.