ಕಾರ್ನಿವಾಲಿಗೆ ಸೀರೆ ಉಟ್ಟು ಹೋದ ಮಂಜಿ

ಯಲ್ಲಾಪುರ ತಾಲೂಕಿನ ನಂದೊಳ್ಳಿಯಿಂದ ಆಚೆ, ಡಾಂಬರು ಮುಗಿದು ಕೆಂಪು ಮಣ್ಣಿನ ದಾರಿ ಶುರುವಾಗುವಲ್ಲಿ ಮಂಜಿಯ ಮನೆ. ಸಿದ್ದಿ ಜನರ ಕೆಲವೇ ಮನೆಗಳಿರುವ ಕೇರಿ ಅದು. ಅವರ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದಿದ್ದರು ಎನ್ನುವುದು ಈ ಕಡೆಯ ಎಲ್ಲರಿಗೂ ಗೊತ್ತು. ಆದರೂ ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ಹೊಸಬರು ಯಾರಾದರೂ ಅವಳ ಗುಂಗುರು ಕೂದಲು ನೋಡಿ, "ನೀವು ಯಾವ ದೇಶದವರು?" ಎಂದು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೇಳುವುದುಂಟು. ಮಂಜಿ ಕನ್ನಡದಲ್ಲೇ ಹೇಳುತ್ತಾಳೆ, "ನಂದೊಳ್ಳಿ ದೇಶ. ಇಲ್ಲಿಂದ ಟೆಂಪೋ ಅದೆ."

ಈಗ ಅವಳಿಗೆ ಐವತ್ತು ದಾಟಿದೆ. ಗದ್ದೆ ಕೆಲಸ, ತೋಟದ ಕೆಲಸ, ಕಾಡಿನ ಜೇನು, ಉಪ್ಪಾಗೆಯ ಹುಳಿ ಹಣ್ಣು ಎಲ್ಲ ಅವಳ ಕೈ ದಾಟಿ ಬಂದದ್ದೇ. ಆದರೆ ಸುತ್ತಲಿನವರು ಅವಳನ್ನು ಗುರುತಿಸುವುದು ಡಮಾಮಿಯಿಂದ. ಮರದ ಬೊಡ್ಡೆಯನ್ನು ಟೊಳ್ಳಾಗಿ ಕೊರೆದು, ಎರಡೂ ಬಾಯಿಗೆ ಆಡಿನ ಚರ್ಮ ಬಿಗಿದ ವಾದ್ಯ ಅದು. ಅದನ್ನು ನೆಲದ ಮೇಲೆ ಅಡ್ಡ ಮಲಗಿಸಿ, ಕಾಲು ಇಳಿಬಿಟ್ಟು ಅದರ ಮೇಲೇ ಕೂತು ಬಾರಿಸುತ್ತಾರೆ. ದಿನವಿಡೀ ದುಡಿದು ಬಂದವರು ಅಂಗಳದಲ್ಲಿ ಸೇರಿ ಹಾಡಿ ಕುಣಿಯುವುದೂ ಡಮಾಮಿಗೇ. ಮಂಜಿ ಕೂತು ಬಾರಿಸಲು ಶುರುಮಾಡಿದರೆ ಸುಸ್ತಾದವರೂ ಎದ್ದು ನಿಲ್ಲುತ್ತಾರೆ.

ಅವಳು ಮೊದಲ ಸಲ ವೇದಿಕೆ ಹತ್ತಿದಾಗ ಇನ್ನೂ ಮದುವೆಯಾಗಿರಲಿಲ್ಲ. ಯಾವುದೋ ಊರಿನ ಉತ್ಸವ. ಕರೆದುಕೊಂಡು ಹೋದವರು ವೇದಿಕೆಯ ಹಿಂದೆ ಸೊಪ್ಪಿನ ರಾಶಿ ಹಾಕಿಕೊಂಡು ಕಾಯುತ್ತಿದ್ದರು. ಹುಡುಗಿಯರ ಸೊಂಟಕ್ಕೆ ಎಲೆ ಕಟ್ಟಿದರು, ಮುಖದ ಮೇಲೆ ಸುಣ್ಣದ ಬೊಟ್ಟು ಇಟ್ಟರು. ವೇದಿಕೆಗೆ ಬಂದಾಗ ಸಭೆಯಲ್ಲಿ ಯಾರೋ ಮಂಗನ ಹಾಗೆ ಕೂಗಿದ, ಉಳಿದವರು ನಕ್ಕರು. ಮಂಜಿ ಕುಣಿದು ಮುಗಿಸಿದಳು. ಕಾರ್ಯಕ್ರಮ ನೋಡಲು ಬಂದಿದ್ದ ಅವಳ ಅವ್ವ ದಾರಿಯುದ್ದಕ್ಕೂ ಮುಂದೆ ಮುಂದೆ ನಡೆದಳು. ಮನೆಯ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು.

"ನನ್ನ ಹತ್ರ ಕೇಳಿದ್ರೆ ಸೀರೆ ಕೊಡ್ತಿದ್ನಲ್ಲೇ ಮಗಾ. ಎಲೆ ಎಂತಕ್ಕೆ ಸುತ್ಕಂಡೆ?"

ಆ ದಿನದಿಂದ ಮಂಜಿ ಎಲೆ ಮುಟ್ಟಲಿಲ್ಲ. ತಾನೇ ಹೆಂಗಸರ ತಂಡ ಕಟ್ಟಿದಾಗ ಅದನ್ನೇ ಮೊದಲ ಕಟ್ಟಳೆ ಮಾಡಿದಳು. ಮದುವೆಗೆ ಉಡುವ ಸೀರೆ, ಮುಡಿಯಲ್ಲಿ ಅಬ್ಬಲಿಗೆ ಹೂ, ಬೇಕಾದರೆ ಕರೆಯಿರಿ, ಇಲ್ಲವಾದರೆ ಬೇಡ. ಎಷ್ಟೋ ಉತ್ಸವದವರು ಬೇಡ ಎಂದರು. ಅವಳೂ ಬೇಡ ಎಂದಳು.

ಶಿರಸಿಯ ಶಶಾಂಕ ಹೆಗಡೆ ಅವಳ ಮನೆಗೆ ಬಂದದ್ದು ಕೆಲವು ವರ್ಷಗಳ ಹಿಂದೆ. ಅವನು ಮೊದಲು ಮದುವೆಗಳಿಗೆ ಮಂಟಪ, ಮೈಕು ಒದಗಿಸುತ್ತಿದ್ದವನು. ಆಮೇಲೆ ಕಲಾತಂಡಗಳನ್ನು ಹೊರರಾಜ್ಯ, ಹೊರದೇಶಗಳಿಗೆ ಕಳಿಸುವ ಉದ್ಯೋಗ ಹಿಡಿದಿದ್ದ. ಕೆಟ್ಟವನಲ್ಲ. ಎಲ್ಲರನ್ನೂ ಖುಷಿಯಾಗಿಡಬೇಕು ಎಂದು ಓಡಾಡುವ ಸ್ವಭಾವ.

"ಮಂಜಿ, ಕಾರ್ನಿವಾಲ್ ಅಂತ ಒಂದು ಹಬ್ಬ. ಸಮುದ್ರದ ಮಧ್ಯ ದ್ವೀಪದಲ್ಲಿ. ಬೇರೆ ಬೇರೆ ದೇಶದವರು ಬೀದಿಯಲ್ಲಿ ಕುಣೀತಾ ಮೆರವಣಿಗೆ ಹೋಗ್ತಾರೆ. ಭಾರತದಿಂದ ನಿಮ್ಮ ತಂಡವನ್ನ ಕೇಳಿದಾರೆ."

"ಬೀದಿಲಿ ನಡೀತಾ ಬಾರಿಸೂದಾ ಹೆಗಡೇರೇ? ನಮ್ಮ ಡಮಾಮಿ ಕೂತ್ಕಂಡು ಬಾರಿಸೂದಲ್ಲವಾ?"

"ಅದನ್ನ ನೀನೇ ಏನಾದ್ರೂ ಮಾಡು."

ಅವಳು ಮಾಡಿದಳು. ಹಳೆಯ ನೂಲಿನ ಸೀರೆಯೊಂದನ್ನು ಹುರಿಮಾಡಿ ಡಮಾಮಿಗೆ ಪಟ್ಟಿ ಕಟ್ಟಿ, ಕೊರಳಿಗೆ ಹಾಕಿಕೊಂಡು ಮನೆಯಿಂದ ನಂದೊಳ್ಳಿಯವರೆಗೆ ನಡೆದಳು. ಭುಜ ಕೆಂಪಾಯಿತು. ಎರಡು ವಾರ ಹಾಗೇ ನಡೆದ ಮೇಲೆ ಭುಜ ಸುಮ್ಮನಾಯಿತು. ಅವಳ ನಾದಿನಿ ನಾಗಿ ಮತ್ತು ಅಣ್ಣನ ಮಗಳು ತನುಜಾ ಸೇರಿ ಎಂಟೊಂಬತ್ತು ಹೆಂಗಸರು ಹೊರಟರು. ತನುಜಾ ಬಿ.ಎ. ಓದಿದವಳು, ಇಂಗ್ಲಿಷ್ ಬರುತ್ತಿತ್ತು. ವಿಮಾನದಲ್ಲಿ ನಾಗಿ ಕಣ್ಣು ಮುಚ್ಚಿದವಳು ಇಳಿಯುವವರೆಗೂ ತೆರೆಯಲಿಲ್ಲ.

ದ್ವೀಪದಲ್ಲಿ ಅವರಿಗೆ ಶಾಲೆಯೊಂದರಲ್ಲಿ ಉಳಿಯುವ ವ್ಯವಸ್ಥೆಯಾಗಿತ್ತು. ಮೆರವಣಿಗೆಯ ದಿನ ಬೆಳಿಗ್ಗೆ ತಿಂಡಿ ಮುಗಿಸಿ ಎಲ್ಲರೂ ಸೀರೆ ಇಸ್ತ್ರಿ ಮಾಡಿಸುವ ಯೋಚನೆಯಲ್ಲಿದ್ದಾಗ ಶಶಾಂಕ ಎರಡು ದೊಡ್ಡ ಚೀಲ ಹೊತ್ತು ತಂದ. ಒಳಗಿದ್ದದ್ದು ಚಿರತೆ ಚುಕ್ಕಿಯ ಬಟ್ಟೆ, ನಾರಿನ ಲಂಗ, ಪ್ಲಾಸ್ಟಿಕ್ಕಿನ ಎಲುಬಿನ ಸರ.

"ಇದು ಯಾರಿಗೆ?" ಎಂದಳು ಮಂಜಿ.

"ನಿಮಗೇ. ಈಗ ನಿಮಗೆ ಒಂದು ಲಾರಿ ಕೊಟ್ಟಿದಾರೆ, ಅದರ ಮೇಲೆ ನಿಂತು ಬಾರಿಸೋದು. ಲಾರಿಗೆ ಕಾಡಿನ ಅಲಂಕಾರ ಮಾಡಿದಾರೆ, ಅದಕ್ಕೆ ಹೊಂದಬೇಕಲ್ಲ."

"ನಾವು ಹಾಕೂದಿಲ್ಲ."

"ಮಂಜಿ, ಮೊದಲೇ ಅವರಿಗೆ ಫೋಟೋ ಕಳಿಸಿಯಾಗಿದೆ."

"ಫೋಟೋದಾಗೆ ಇರೋರು ಯಾರು? ನಾವಾ?"

ಆ ಫೋಟೋ ಬೇರೆ ಯಾವುದೋ ತಂಡದ್ದು.

ತನುಜಾ ಅಷ್ಟರಲ್ಲಿ ಚಿರತೆ ಬಟ್ಟೆಯನ್ನು ಮೈಗೆ ಹಿಡಿದು ನೋಡುತ್ತಿದ್ದಳು. ಅವಳಿಗೆ ಅದು ಇಷ್ಟವಾಗಿತ್ತು. "ಅತ್ತೆ, ನಮ್ಮ ಹಿರೇರು ಆಫ್ರಿಕಾದಿಂದ ಬಂದೋರೇ ಹೌದಲ್ಲ? ಅದನ್ನ ತೋರಿಸಿದ್ರೆ ಎಂತ ತಪ್ಪು? ನಂಗೇನು ನಾಚಿಕೆ ಇಲ್ಲ" ಎಂದಳು.

ಮಂಜಿ ಅವಳ ಕೈಯಿಂದ ಬಟ್ಟೆ ಕಿತ್ತುಕೊಳ್ಳಲಿಲ್ಲ. ಪಕ್ಕದ ಬೆಂಚಿನ ಮೇಲೆ ಕೂತಳು.

"ನಂಗೂ ನಾಚಿಕೆ ಇಲ್ಲ ಮಗಾ. ಬಂದೋರು ಹೌದು. ಅವರು ಎಂತ ಉಡ್ತಿದ್ರು, ನಿಂಗೆ ಗೊತ್ತದೆಯಾ? ನಂಗೂ ಗೊತ್ತಿಲ್ಲ. ಇದನ್ನ ಹೊಲಿದವನಿಗೆ ಮೊದಲೇ ಗೊತ್ತಿಲ್ಲ. ಅವರ ಬಟ್ಟೆಯನ್ನೂ ಬಿಡಿಸ್ಕಂಡು, ಹೆಸರನ್ನೂ ಬಿಡಿಸ್ಕಂಡು ಹಡಗು ಹತ್ತಿಸಿದ್ರು. ಈಗ ಯಾರೋ ಅಂಗಡೀಲಿ ಹೊಲಿಸಿ ತಂದು, ಇದೇ ನಿಮ್ಮದು ಹೇಳಿದ್ರೆ ನಾನು ಒಪ್ಪೂದಿಲ್ಲ. ನನ್ನ ಹತ್ರ ಇರೂದು ಅವ್ವ ಉಟ್ಟಿದ್ದು, ಅಜ್ಜಿ ಉಟ್ಟಿದ್ದು. ಅಷ್ಟನ್ನ ಉಟ್ಕತ್ತೆ."

ತನುಜಾ ಬಟ್ಟೆಯನ್ನು ಮಡಿಸಿ ಚೀಲದಲ್ಲಿ ಇಟ್ಟಳು. ಪೂರ್ತಿ ಒಪ್ಪಿದಳು ಎಂದಲ್ಲ. ಆಮೇಲೆ, ಇದನ್ನು ಬರೆಯುವ ನನ್ನ ಹತ್ತಿರ ಅವಳೇ ಹೇಳಿದ್ದು, "ಅತ್ತೆ ಒಬ್ಬಳೇ ಸೀರೆಯಲ್ಲಿ ಹೋಗೂದು, ನಾವು ಲಾರಿ ಮೇಲೆ ಹೋಗೂದು, ಅದು ಆಗ್ತಿರ್ಲಿಲ್ಲ."

ಶಶಾಂಕ ಹೊರಗೆ ಜಗುಲಿಯಲ್ಲಿ ಹೆಂಡತಿಗೆ ಫೋನು ಮಾಡಿ, "ಎಂತ ಮಾಡವು ಹೇಳೇ ಗೊತ್ತಾಗ್ತಾ ಇಲ್ಲೆ ಮಾರಾಯ್ತಿ" ಎನ್ನುತ್ತಿದ್ದುದು ಒಳಗೆ ಕೇಳುತ್ತಿತ್ತು. ಆಮೇಲೆ ಮೆರವಣಿಗೆಯ ಉಸ್ತುವಾರಿಯ ಹೆಂಗಸೇ ಬಂದಳು. ಕೊರಳಲ್ಲಿ ಸೀಟಿ, ಕೈಯಲ್ಲಿ ವಾಕಿಟಾಕಿ. ಅವಳು ಹೇಳಿದ್ದನ್ನು ತನುಜಾ ಕನ್ನಡಕ್ಕೆ ತಂದಳು. ಈ ವೇಷ ಹಾಕದಿದ್ದರೆ ಲಾರಿ ಇಲ್ಲ, ಮೈಕೂ ಇಲ್ಲ. ಎಲ್ಲ ದೇಶಗಳೂ ಹೋದ ಮೇಲೆ, ಕಟ್ಟಕಡೆಗೆ ನಡೆದುಕೊಂಡು ಬರಬಹುದು.

"ನಡಿಯೂದು ನಮಗೆ ಹೊಸದಾ?" ಎಂದು ಮಂಜಿ ಎದ್ದು ಮಡಿಸಿಟ್ಟ ಸೀರೆ ಬಿಚ್ಚಿ ಕೊಡವಿದಳು. "ಕಡೆಗೇ ಬರ್ತೇವೆ ಹೇಳು ಮಗಾ."

ಮೆರವಣಿಗೆ ಬಂದರಿನಿಂದ ಹೊರಟಿತು. ಆಳೆತ್ತರದ ಹಕ್ಕಿಗರಿಯ ಕಿರೀಟ ಹೊತ್ತವರು, ಮರಗಾಲು ಕಟ್ಟಿಕೊಂಡು ಮಹಡಿಯಷ್ಟು ಎತ್ತರದಲ್ಲಿ ನಡೆಯುವವರು, ಕಾಗದದ ದೊಡ್ಡ ತಲೆಗಳನ್ನು ಹಾಕಿಕೊಂಡವರು, ಲಾರಿಗಳ ಮೇಲೆ ಗೋಡೆಯಂಥ ಸ್ಪೀಕರುಗಳು. ನಾಗಿ ಬಾಯಿ ತೆರೆದು ನೋಡಿದಳು. ಅವರ ಪಾಲಿನ ಲಾರಿ ಖಾಲಿಯಾಗಿಯೇ ಮುಂದೆ ಹೋಯಿತು, ಕಾಡಿನ ಅಲಂಕಾರ ಗಾಳಿಗೆ ಅಲ್ಲಾಡುತ್ತ. ಎಲ್ಲರೂ ಹೋದ ಮೇಲೆ ಇವರು. ಇವರ ಹಿಂದೆ ಬೀದಿ ಗುಡಿಸುವ ಗಾಡಿ. ಶಶಾಂಕ ಸಿಟ್ಟಿನಲ್ಲೇ ನೀರಿನ ಬಾಟಲಿಗಳ ಚೀಲ ಹೆಗಲಿಗೇರಿಸಿಕೊಂಡು ಪಕ್ಕದಲ್ಲಿ ನಡೆದ.

ಮಂಜಿ ಬಾರಿಸಿದಳು. ಡಮಾಮಿ ಸರಿಯಾಗಿ ಸದ್ದೇ ಮಾಡಲಿಲ್ಲ. ಸಮುದ್ರದ ತೇವಕ್ಕೆ ಚರ್ಮ ಸಡಿಲಾಗಿ, ಹಸಿ ಮಡಕೆ ಬಡಿದ ಹಾಗೆ ಕೇಳಿತು. ಬೀದಿ ಬದಿಯ ಜನ ಆಗಲೇ ಎದ್ದು ಹೊರಡುತ್ತಿದ್ದರು. ಇಬ್ಬರು ಹುಡುಗಿಯರ ಕಣ್ಣಲ್ಲಿ ನೀರು ಬಂತು. ಲಾರಿಯ ಮೇಲೆ ಹೋಗಿದ್ದರೆ ಚೆನ್ನಾಗಿತ್ತು ಎಂದು ಒಬ್ಬಳು ಹೇಳಿಯೇಬಿಟ್ಟಳು. ಮಂಜಿ ತಿರುಗಿ ನೋಡಲಿಲ್ಲ. ಕೈ ಉರಿಯುವಷ್ಟು ಜೋರಾಗಿ ಬಡಿಯುತ್ತ ನಡೆದಳು. ತಾನು ತಪ್ಪು ಮಾಡಿದೆನೋ ಎಂಬ ಅನುಮಾನ ಅವಳಿಗೂ ಬಂದದ್ದು ಆಗಲೇ ಅಂತೆ.

ಮೀನು ಮಾರುಕಟ್ಟೆಯ ತಿರುವಿನಲ್ಲಿ ಬೆಂಕಿ ಕಂಡಿತು. ಆ ಊರಿನ ಮುದುಕರು ಮೂರ್ನಾಲ್ಕು ಜನ ಒಣಗಿದ ತೆಂಗಿನ ಗರಿ ಉರಿಸಿ, ದೊಡ್ಡ ಜರಡಿಯಂಥ ತಮ್ಮ ವಾದ್ಯಗಳ ಚರ್ಮವನ್ನು ಕಾಯಿಸುತ್ತಿದ್ದರು. ಅವರದೂ ಆಡಿನ ಚರ್ಮವೇ. ಮೆರವಣಿಗೆಗೆ ಅವರನ್ನು ಯಾರೂ ಕರೆದಿರಲಿಲ್ಲ, ತಮ್ಮಷ್ಟಕ್ಕೆ ಬಾರಿಸಲು ಕೂತವರು.

ಮಂಜಿ ಸಾಲು ಬಿಟ್ಟು ಸೀದಾ ಅವರ ಕಡೆ ಹೋದಳು. ಹಿಂದಿನಿಂದ ಸೀಟಿ ಕೇಳಿತು, ಒಮ್ಮೆ, ಮತ್ತೊಮ್ಮೆ. ಸಾಲು ಬಿಡುವ ಹಾಗಿರಲಿಲ್ಲ. ಅವಳು ಕೊರಳಿನಿಂದ ಡಮಾಮಿ ಇಳಿಸಿ, ಕೇಳದೆಯೇ ಬೆಂಕಿಗೆ ಹಿಡಿದಳು. ಮುದುಕನೊಬ್ಬ ಅವಳನ್ನೂ, ಸೀರೆಯನ್ನೂ, ವಾದ್ಯವನ್ನೂ ನೋಡಿದ. ಆಮೇಲೆ ತಾನೇ ಮತ್ತೊಂದು ಗರಿ ಮುರಿದು ಬೆಂಕಿಗೆ ಹಾಕಿದ. ಚರ್ಮ ಬಿಗಿಯಾಯಿತೋ ಎಂದು ಇಬ್ಬರೂ ಒಂದೇ ಸಲ ಬೆರಳಿನಿಂದ ತಟ್ಟಿ ನೋಡಿದರು. ಮುದುಕ ಏನೋ ಹೇಳಿ ನಕ್ಕ. ತನುಜಾಳಿಗೂ ಆ ಭಾಷೆ ತಿಳಿಯಲಿಲ್ಲ.

ಮಂಜಿ ಅಲ್ಲೇ, ಬೀದಿಯ ನಡುವೆ ಡಮಾಮಿ ಮಲಗಿಸಿ ಅದರ ಮೇಲೆ ಕೂತಳು.

ಈಗ ಸದ್ದು ಬಂತು. ಮನೆಗೆ ಹೊರಟಿದ್ದವರು ನಿಂತರು. ನಾಗಿ ಸೆರಗು ಸಿಕ್ಕಿಸಿ ಹಾಡು ಎತ್ತಿದಳು, ಹುಡುಗಿಯರು ವೃತ್ತ ಕಟ್ಟಿದರು. ಮುದುಕರು ಒಂದು ಸುತ್ತು ಸುಮ್ಮನೆ ಕೇಳಿ, ಎರಡನೆಯ ಸುತ್ತಿಗೆ ತಮ್ಮ ಪೆಟ್ಟು ಕೂಡಿಸಿದರು. ಮೀನು ಮಾರುವ ಹೆಂಗಸರು ಬುಟ್ಟಿ ಇಳಿಸಿ ಬಂದರು. ಗುಡಿಸುವ ಗಾಡಿಯವನು ಎಂಜಿನ್ ಬಂದ್ ಮಾಡಿ ಕೆಳಗಿಳಿದ. ಸೀಟಿಯ ಹೆಂಗಸು ಓಡಿಬಂದು ಕೈಬೀಸಿ ಕೂಗಿದಳು. ಅಷ್ಟೊಂದು ಜನರ ನಡುವೆ ಯಾರನ್ನು ಎಬ್ಬಿಸಬೇಕೆಂದು ತಿಳಿಯದೆ ನಿಂತುಬಿಟ್ಟಳು.

ಅವರು ಕಟ್ಟಕಡೆಯ ವೇದಿಕೆ ತಲುಪಿದಾಗ ತೀರ್ಪುಗಾರರು ಹೋಗಿಯಾಗಿತ್ತು. ಕೆಲಸದವರು ಕುರ್ಚಿ ಮಡಿಸುತ್ತಿದ್ದರು. ಭಾರತದ ಹೆಸರನ್ನು ಯಾರೂ ಕೂಗಲಿಲ್ಲ, ಬಹುಮಾನವೂ ಇಲ್ಲ, ಪತ್ರಿಕೆಯಲ್ಲಿ ಚಿತ್ರವೂ ಬರಲಿಲ್ಲ. ಶಶಾಂಕ ಬಾಟಲಿ ಚೀಲ ಕೆಳಗಿಟ್ಟು ಕೇಳಿದ, "ಈಗ ಸಮಾಧಾನವಾ?"

"ಹೌದು ಹೆಗಡೇರೇ. ನೀರು ಕೊಡಿ."

ಊರಿಗೆ ಬಂದ ಮೇಲೆ ಅದಕ್ಕೆ ಬೆಲೆ ತೆರಬೇಕಾಯಿತು. ಆ ತಂಡ ಹೇಳಿದ ಮಾತು ಕೇಳುವುದಿಲ್ಲ ಎಂಬ ಸುದ್ದಿ ಉತ್ಸವ ನಡೆಸುವವರ ನಡುವೆ ಹಬ್ಬಿತು. ಶಶಾಂಕ ಮತ್ತೆ ಫೋನು ಮಾಡಲಿಲ್ಲ. ಇಬ್ಬರು ಹುಡುಗಿಯರು ಎಲೆ ಕಟ್ಟುವ ಇನ್ನೊಂದು ತಂಡ ಸೇರಿ ಮತ್ತೊಂದು ದೇಶಕ್ಕೂ ಹೋಗಿಬಂದರು. ಕೇರಿಯಲ್ಲಿ ಕೆಲವರು ಮುಖಕ್ಕೇ ಅಂದರು, "ನಿನ್ನ ಹಟದಿಂದ ಎಲ್ಲರ ವಿಮಾನ ತಪ್ತು." ಮಂಜಿ ಆ ಹುಡುಗಿಯರನ್ನು ಬೈಯಲಿಲ್ಲ. ಆದರೆ ತನ್ನ ಮಾತನ್ನೂ ಬದಲಿಸಲಿಲ್ಲ. ಸಂಜೆ ಅಂಗಳದಲ್ಲಿ ಡಮಾಮಿ ಬಾರಿಸುವುದು ನಡೆದೇ ಇತ್ತು. ತನುಜಾ ಮಾತ್ರ ಬಿಡದೆ ಜೊತೆಗೆ ಕೂತು, ಎರಡು ಮಳೆಗಾಲದಲ್ಲಿ ಚೆನ್ನಾಗಿ ಬಾರಿಸಲು ಕಲಿತಳು.

ಹೋದ ಚಳಿಗಾಲ ಶಿರಸಿಯಲ್ಲಿ ನಡೆದ ಜಾನಪದ ಮೇಳಕ್ಕೆ ಯಾರೋ ಅವರನ್ನು ಕರೆದಿದ್ದರು. ಸೀರೆಯ ಷರತ್ತಿಗೂ ಒಪ್ಪಿದ್ದರು. ನಾನೂ ಮುಂದಿನ ಸಾಲಿನಲ್ಲಿ ಕೂತಿದ್ದೆ. ನಿರೂಪಕ ಗಟ್ಟಿ ದನಿಯಲ್ಲಿ, "ಈಗ ನಿಮ್ಮ ಮುಂದೆ, ನಾಗರಿಕತೆಯಿಂದ ದೂರ ಉಳಿದ ಕಾಡಿನ ಮಕ್ಕಳು!" ಎಂದ. ಚಪ್ಪಾಳೆ ಬಿತ್ತು.

ಮಂಜಿ ಡಮಾಮಿಯನ್ನು ಕೆಳಗಿಟ್ಟು, ಅವನ ಬಳಿ ಹೋಗಿ ಕೈ ಚಾಚಿದಳು. ಅವನು ಗಲಿಬಿಲಿಯಲ್ಲಿ ಮೈಕು ಕೊಟ್ಟ.

"ಇವಳು ನಾಗಿ" ಎಂದಳು. "ನನ್ನ ನಾದಿನಿ. ಭತ್ತ ಬೆಳೀತಾಳೆ. ಇವಳು ತನುಜಾ, ಬಿ.ಎ. ಓದಿದಾಳೆ." ಹೀಗೆ ಒಬ್ಬೊಬ್ಬರ ಹೆಸರು, ಊರು, ಮಾಡುವ ಕೆಲಸ ಎಲ್ಲ ಹೇಳುತ್ತ ಹೋದಳು. ಅವಸರ ಮಾಡಲಿಲ್ಲ. ನಿರೂಪಕ ಗಡಿಯಾರ ನೋಡಿಕೊಂಡ. ಸಭೆಯಲ್ಲಿ ಯಾರೋ ಕೆಮ್ಮಿದರು. ಅವಳು ಮುಗಿಸುವವರೆಗೂ ಮೈಕು ಬಿಡಲಿಲ್ಲ.

"ನಾನು ಮಂಜಿ, ನಂದೊಳ್ಳಿಯವಳು. ಎಲ್ಲೂ ದೂರ ಉಳಿಯಲಿಲ್ಲ, ಬೆಳಗಿನ ಬಸ್ಸಿಗೇ ಬಂದಿದೇವೆ. ಈಗ ಬಾರಿಸ್ತೇವೆ. ಪುರುಸೊತ್ತು ಇದ್ದೋರು ಕೂತ್ಕಣಿ."

ಮೈಕನ್ನು ನಿರೂಪಕನ ಕೈಗೆ ಕೊಟ್ಟು ಬಂದು, ಸೀರೆಯ ನೆರಿಗೆ ಸರಿಮಾಡಿಕೊಂಡು ಡಮಾಮಿಯ ಮೇಲೆ ಕೂತಳು.