ಫಿಲ್ಟರ್‌ನಲ್ಲಿ ಕಾಣದ ಮಂದೆ

ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಗೆ ಹತ್ತಿರದ ಒಂದು ಮಹಡಿಯ ಮೇಲೆ ನಮ್ಮ ಆಫೀಸು. ಕುರಿ ಮೇಕೆಗಳಿಗೆ ಲಸಿಕೆ ಹಾಕಿಸುವ ಸಣ್ಣ ಸಂಸ್ಥೆ ಅದು. ಬೈರಾಪಟ್ಟಣದಿಂದ ದಿನಾ ಬಸ್ಸಿನಲ್ಲಿ ಹೋಗಿ ನಾನು ಅಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದೆ. ಕಿವಿಯೋಲೆ ಹಾಕಿದ ಪ್ರತಿ ಕುರಿಯೂ ನಮ್ಮ ಡೇಟಾಬೇಸಿನಲ್ಲಿರುತ್ತಿತ್ತು. ಯಾವ ಮಂದೆಗೆ ಈ ಸುತ್ತಿನ ಲಸಿಕೆ ಬಾಕಿಯಿದೆ ಎಂದು ಕಂಪ್ಯೂಟರು ಸೋಸಿ ತೆಗೆದು, ಲಸಿಕೆ ಹಾಕುವವರ ಫೋನಿಗೆ ಕಳಿಸುತ್ತಿತ್ತು. ಹೊಸದಾಗಿ ಓಲೆ ಚುಚ್ಚಿದ ಕುರಿಗಳಿಗೆ ಮೊದಲ ಲಸಿಕೆಯನ್ನು ಊರಿನಲ್ಲಿ ಗೊತ್ತುಮಾಡಿದ ಒಂದು ದಿನ ಹಾಕುತ್ತಿದ್ದರು; ಆಮೇಲಿನ ಸುತ್ತುಗಳಲ್ಲಿ ಫೋನಿನಲ್ಲಿ ಬಂದಷ್ಟಕ್ಕೆ ಮಾತ್ರ ಔಷಧಿ ಸಿಗುತ್ತಿತ್ತು.

ಆ ಸೋಸುವ ಕ್ವೆರಿಗಳನ್ನೆಲ್ಲ, ಎಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಗಳನ್ನು, ಅದರದೇ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಬರೆದವರು ನಮ್ಮ ಆಫೀಸಿನ ಹಿರಿಯರು, ಮಾಗಡಿಯವರು. ಅವನ್ನು ತೆಗೆದು, ಸಿ ಶಾರ್ಪ್ ಎಂಬ ಪ್ರೋಗ್ರಾಮ್ ಭಾಷೆಯೊಳಗೇ ಇರುವ ಕ್ವೆರಿ ವಾಕ್ಯಗಳಲ್ಲಿ ಮತ್ತೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಳೆಯದನ್ನು ಎಡಕ್ಕೆ, ಹೊಸದನ್ನು ಬಲಕ್ಕೆ ಇಟ್ಟುಕೊಂಡು ಸಾಲು ಸಾಲಾಗಿ ಬದಲಾಯಿಸುತ್ತಿದ್ದೆ. ನನ್ನ ಬೆನ್ನ ಹಿಂದೆ ಅವರು ಆಗಾಗ ಬಂದು ನಿಲ್ಲುತ್ತಿದ್ದರು. ತಾವು ಬರೆದದ್ದನ್ನು ಕಿತ್ತು ಹಾಕುತ್ತಿದ್ದೇನೆಂಬ ಸಿಟ್ಟೋ, ಅದರಲ್ಲಿ ನಾನು ಏನಾದರೂ ಕಂಡುಬಿಟ್ಟೇನೆಂಬ ಭಯವೋ ಎಂದು ನಾನು ಯೋಚಿಸುತ್ತಿದ್ದೆ.

ಬಾಕಿ ಮಂದೆಗಳ ಕ್ವೆರಿ ಬದಲಾಯಿಸಿದ ದಿನ ಎರಡನ್ನೂ ಓಡಿಸಿ ನೋಡಿದೆ. ಎರಡೂ ಒಂದೇ ಉತ್ತರ ಕೊಡಬೇಕಿತ್ತು. ಆದರೆ ನನ್ನದರಲ್ಲಿ ಹೆಚ್ಚಿಗೆ ಮಂದೆಗಳು ಬಂದವು. ಕನಕಪುರದ ಕೋಡಿಹಳ್ಳಿ ಕಡೆಯವೇ ಬಹಳ. ಅಷ್ಟನ್ನೂ ದಾಖಲು ಮಾಡಿದವನು ಒಬ್ಬನೇ, ಆ ಭಾಗದ ಲಸಿಕೆಯವನು.

ಹಿರಿಯರು ಪರದೆ ನೋಡಿದವರೇ ಮುಖ ಗಂಟಿಕ್ಕಿದರು.

"ಇವೆಲ್ಲ ಎಲ್ಲಿಂದ ಬಂದ್ವಮ್ಮ?"

"ಗೊತ್ತಿಲ್ಲ ಸಾರ್. ಹಳೇದ್ರಲ್ಲಿ ಯಾಕೆ ಬರ್ತಿರಲಿಲ್ಲ ಅಂತ ನೋಡ್ತಿದೀನಿ."

"ಬರ್ತಿರಲಿಲ್ಲ ಅಂದ್ರೆ ಅದಕ್ಕೊಂದು ಕಾರಣ ಇರುತ್ತೆ. ಹಳೇದು ಹೆಂಗಿತ್ತೋ ಹಂಗೇ ಬರೋ ಥರ ಮಾಡಿ."

ಆ ಮಾತು ನನಗೆ ಹಿಡಿಸಲಿಲ್ಲ. ಅವರು ಊಟಕ್ಕೆ ಹೋದಾಗ ಹೆಚ್ಚಾಗಿ ಬಂದ ಮಂದೆಗಳನ್ನಷ್ಟೇ ತೆಗೆದು ನೋಡಿದೆ. ಎಲ್ಲವುಗಳಲ್ಲೂ 'ಕೊನೆಯ ಸುತ್ತು' ಎಂಬ ಜಾಗ ಖಾಲಿ. ಅಂದರೆ ಕಿವಿಯೋಲೆ ಚುಚ್ಚಿದ ಮೇಲೆ ಒಂದು ಸಲವೂ ಲಸಿಕೆ ಬಿದ್ದಿಲ್ಲ.

ವ್ಯತ್ಯಾಸ ಆಗ ಹೊಳೆಯಿತು. 'ಕೊನೆಯ ಸುತ್ತು ಈ ಸುತ್ತಲ್ಲದ ಮಂದೆಗಳನ್ನು ಕೊಡು' ಎಂಬುದು ಎರಡರಲ್ಲೂ ಇದ್ದ ಪ್ರಶ್ನೆ. ಜಾಗ ಖಾಲಿಯಿದ್ದರೆ ಎಸ್‌ಕ್ಯೂಎಲ್ 'ಹೌದು' ಎನ್ನುವುದಿಲ್ಲ, 'ಇಲ್ಲ' ಎನ್ನುವುದೂ ಇಲ್ಲ, 'ಗೊತ್ತಿಲ್ಲ' ಎನ್ನುತ್ತದೆ. ಗೊತ್ತಿಲ್ಲದ್ದನ್ನು ಫಿಲ್ಟರ್ ಒಳಗೆ ಬಿಡುವುದಿಲ್ಲ. ಹೊಸ ಭಾಷೆ ಹಾಗಲ್ಲ. ಖಾಲಿ ಎಂದರೆ ಈ ಸುತ್ತಂತೂ ಅಲ್ಲವಲ್ಲ, ಬರಲಿ ಎನ್ನುತ್ತದೆ. ಹೀಗಾಗಿ ಒಮ್ಮೆ ಲಸಿಕೆ ಕಂಡ ಮಂದೆ ಪ್ರತಿ ಸುತ್ತಿನಲ್ಲೂ ಬರುತ್ತಿತ್ತು. ಒಮ್ಮೆಯೂ ಕಾಣದ್ದು ಎಂದೂ ಬರುತ್ತಿರಲಿಲ್ಲ.

ಹಿರಿಯರಿಗೆ ಇದನ್ನು ಹೇಳಿದೆ. ಅವರು ಒಪ್ಪಲಿಲ್ಲ.

"ಒಂದು ಸಲಾನೂ ಸೂಜಿ ಬಿದ್ದಿಲ್ಲ ಅಂದ್ರೆ ಅಲ್ಲಿ ಕುರೀನೇ ಇಲ್ಲ ಅಂತ ಅರ್ಥ. ನಮ್ ಮಾಗಡಿ ಕಡೆ ಒಬ್ಬ ಇಲ್ಲದ ಕುರಿಗೆಲ್ಲ ಓಲೆ ಹಾಕಿದೀನಿ ಅಂತ ಬರೆದಿದ್ದ. ಇವನೂ ಅಂಥೋನೇ ಇರಬೇಕು. ಬೇಕಾದ್ರೆ ಹೋಗಿ ನೋಡ್ಕೊಂಡು ಬನ್ನಿ."

ನನಗೆ ಅವರ ಮೇಲೂ ಅನುಮಾನವಿತ್ತು. ಆದರೂ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಖಾಲಿ ಜಾಗ ನೋಡಿದಾಗೆಲ್ಲ ಸುಳ್ಳು ಕುರಿಗಳೇ ಕಾಣತೊಡಗಿದವು.

ಮರುದಿನ ಕನಕಪುರದಲ್ಲಿ ಬಸ್ಸು ಬದಲಾಯಿಸಿ ಕೋಡಿಹಳ್ಳಿಗೆ ಹೋದೆ. ಬರುತ್ತೇನೆಂದು ಮೊದಲೇ ತಿಳಿಸಿದ್ದರಿಂದ ಲಸಿಕೆಯವನು ಬೈಕಿನ ಪಕ್ಕ ನಿಂತಿದ್ದ. ಮೂವತ್ತರ ಆಸುಪಾಸಿನ ಸಣಕಲು ಮನುಷ್ಯ. ನಮಸ್ಕಾರ ಎಂದನೇ ಹೊರತು ನಗಲಿಲ್ಲ.

"ಆಫೀಸ್ನೋರು ಯಾವತ್ತೂ ಈ ಕಡೆ ಬಂದಿಲ್ಲ ಮೇಡಮ್. ಇವತ್ತೇನು ವಿಶೇಸ? ನನ್ ಮ್ಯಾಲೆ ಯಾರಾದ್ರೂ ಕಂಪ್ಲೇಂಟ್ ಕೊಟ್ಟವ್ರಾ?"

"ಇಲ್ಲ. ಕೆಲವು ಮಂದೆ ನೋಡಬೇಕಿತ್ತು" ಎಂದು ಒಂದು ಮಂದೆಯ ಯಜಮಾನಿಯ ಹೆಸರು ಹೇಳಿದೆ.

ಅವನ ಮುಖ ಬದಲಾಯಿತು. "ಆ ಮಂದೆನೇ ಆಗ್ಬೇಕಾ? ಬ್ಯಾರೇವು ಅವೆ, ತೋರಿಸ್ತೀನಿ ಬನ್ನಿ."

"ಅದೇ ಆಗಬೇಕು."

ಒಸಿ ತಡೀರಿ ಎಂದು ದೂರ ಹೋಗಿ, ಬೆನ್ನು ತಿರುಗಿಸಿ, ಫೋನಿನಲ್ಲಿ ಮೆಲ್ಲಗೆ ಮಾತಾಡಿದ. ಎಲ್ಲಿಂದಲೋ ಕುರಿ ಹೊಂದಿಸುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಬೈಕು ನೇರ ದಾರಿ ಬಿಟ್ಟು ಹಿಪ್ಪುನೇರಳೆ ತೋಟಗಳ ನಡುವೆ ಸುತ್ತಿಕೊಂಡು ಹೋದಾಗ, ಕುರಿಗಳು ಬಂದು ಸೇರುವವರೆಗೆ ಹೊತ್ತು ಕಳೆಯುತ್ತಿದ್ದಾನೆ ಎಂದುಕೊಂಡೆ.

ರಾಗಿ ಕೊಯ್ದ ಹೊಲವೊಂದರಲ್ಲಿ ಮಂದೆಯಿತ್ತು. ಗೊಬ್ಬರಕ್ಕೆಂದು ಹೊಲದವರು ನಿಲ್ಲಿಸಿಕೊಂಡಿದ್ದರು. ಕುರಿಗಳ ಸುತ್ತ ಕಟ್ಟಿದ್ದ ಬಲೆಯ ಪಕ್ಕ ತಲೆಗೆ ಟವೆಲ್ ಸುತ್ತಿಕೊಂಡು ವಯಸ್ಸಾದ ಹೆಂಗಸು ಕೂತಿದ್ದರು. ನಮ್ಮನ್ನು ನೋಡಿ ಏಳಲಿಲ್ಲ. ಲಸಿಕೆಯವನೂ ಬೈಕಿನ ಹತ್ತಿರವೇ ನಿಂತುಬಿಟ್ಟ.

ನಾನು ಒಂದು ಕುರಿಯನ್ನು ಹಿಡಿದು ಕಿವಿಯೋಲೆಯ ನಂಬರನ್ನು ನನ್ನ ಫೋನಿನಲ್ಲಿದ್ದುದರೊಂದಿಗೆ ಹೋಲಿಸಿದೆ. ಸರಿಯಿತ್ತು. ಇನ್ನೊಂದನ್ನು ಹಿಡಿದೆ.

"ಏನವ್ವಾ, ಬಂದೋಳೇ ಕಿವಿ ತಿರುವ್ತಾ ಇದ್ದೀಯ? ಕದ್ದ ಕುರಿ ಅಂದ್ಕಂಡ್ಯಾ?" ಎಂದರು ಅಜ್ಜಿ.

"ಇಲ್ಲ ಅಜ್ಜಿ, ಲಸಿಕೆ ಆಫೀಸಿಂದ ಬಂದಿದೀನಿ."

"ಲಸಿಕೆನಾ! ಓಲೆ ಚುಚ್ಚೋಕೆ ಬಂದಿದ್ರಿ, ಅಷ್ಟೇಯ. ಸೂಜಿ ಹಾಕೋ ದಿನ ನಾವು ಕಾಡಂಚಿಗೆ ಮೇಯಿಸೋಕೆ ಹೋಗಿದ್ವಿ. ಆಮ್ಯಾಕೆ ಪಕ್ಕದ ಮಂದೆಗೆ ಬತ್ತಾರೆ, ಆಚೆ ಮಂದೆಗೆ ಬತ್ತಾರೆ, ನಮ್ ಕಡೆ ತಲೆನೂ ಹಾಕಾಕಿಲ್ಲ. ಹೋದ ಮಳೆಗಾಲದಾಗೆ ಕರುಳುಬೇನೆ ಬಂದು ಮರಿಗಳೆಲ್ಲ ನಿಂತ ನಿಂತಂಗೆ ಬಿದ್ದೋದ್ವು." ಆಮೇಲೆ ಬೈಕಿನ ಕಡೆ ಗದ್ದ ಎತ್ತಿ ತೋರಿಸಿದರು. "ಅವ್ನು ನಮ್ ಅಕ್ಕನ್ ಮಗ. ಮದ್ವೆಲಿ ಏನೋ ಒಂದ್ ಮಾತಾಯ್ತು ಅಂತ ಮಂದೆ ಮ್ಯಾಲೆ ಹಗೆ ತೀರಿಸ್ಕಂಡ. ನಾನು ಅವ್ನ ಮನೆ ಹೊಸ್ತಿಲು ತುಳಿಯೋದು ಬುಟ್ಟೆ."

ಅವನು ಅಲ್ಲಿಂದಲೇ ಕೂಗಿದ. "ನಾನೇನ್ ಮಾಡ್ಲಿ ಚಿಕ್ಕವ್ವ? ಫೋನ್ನಾಗೆ ನಿನ್ ಹೆಸ್ರು ಬರಬೇಕಲ್ಲ! ನೀನೇ ಆಫೀಸ್ಗೆ ಹೇಳಿ ನನ್ನ ತಪ್ಪಿಸಿದ್ದೀಯ ಅಂತ ನಾನು ತಿಳ್ಕಂಡಿದ್ದೆ."

"ನಂಗೆ ಆಫೀಸ್ ಎಲ್ಲೈತೆ ಅಂತ್ಲೇ ಗೊತ್ತಿಲ್ಲ ಕಣ್ಲಾ!"

ನಾನು ಕುರಿಯ ಕಿವಿ ಬಿಟ್ಟೆ. ಬರುವಾಗ ಯಾರಿಗೆ ಫೋನು ಮಾಡಿದಿರಿ ಎಂದು ಅವನನ್ನು ಕೇಳಿದೆ. ಮಂದೆ ಇವತ್ತು ಯಾರ ಹೊಲದಲ್ಲಿದೆ ಎಂದು ಅವನಿಗೇ ತಿಳಿದಿರಲಿಲ್ಲವಂತೆ. ಚಿಕ್ಕವ್ವನನ್ನು ಕೇಳಲು ಮಾತಿಲ್ಲ, ಅದಕ್ಕೆ ಹೊಲದವರನ್ನು ಕೇಳಿದ್ದ. ನೇರ ದಾರಿಯಲ್ಲಿ ಕಾಲುವೆ ಒಡೆದಿತ್ತು.

ಅಜ್ಜಿಯ ಪಕ್ಕದಲ್ಲಿ ಕೂತು ನಡೆದದ್ದನ್ನು ಹೇಳಿದೆ. "ಕಂಪ್ಯೂಟರ್‌ನಲ್ಲಿ ಒಂದು ಜಾಗ ಖಾಲಿ ಇತ್ತು ಅಜ್ಜಿ. ಖಾಲಿ ಇದ್ದೋರನ್ನ ಅದು ಬಿಟ್ಟುಬಿಡ್ತಿತ್ತು. ಇವರದೇನೂ ತಪ್ಪಿಲ್ಲ."

ಅವರು ನನ್ನ ಕಡೆ ತಿರುಗಿದರು. "ಮಿಶಿನ್ನು ಮ್ಯಾಲೆ ಹಾಕ್ಬುಟ್ರೆ ಎಲ್ರೂ ಬಚಾವು, ಅಲ್ವೇನವ್ವಾ?"

ನಾನು ಎದ್ದು ಕುರಿಗಳ ಕಿವಿಯೋಲೆಗಳ ಫೋಟೋ ತೆಗೆದುಕೊಂಡೆ.

ಆಫೀಸಿಗೆ ಬಂದು ಕಿವಿಯೋಲೆಗಳ ಫೋಟೋ ತೋರಿಸಿದಾಗ ಹಿರಿಯರು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು. "ಒಂದು ಮಂದೆ ನಿಜ ಅಂತ ಎಲ್ಲ ನಿಜ ಆಗಲ್ಲ" ಎಂದರು. ನನ್ನನ್ನೂ ನಂಬದೆ ಮುಂದಿನ ವಾರ ತಾವೇ ಹೋಗಿ ಉಳಿದ ಮಂದೆಗಳನ್ನು ಸುತ್ತಿ ಬಂದರು. ಒಂದೆರಡು ಕುಟುಂಬ ಕುರಿ ಮಾರಿ ಬಿಟ್ಟಿದ್ದವು. ಮಿಕ್ಕವೆಲ್ಲ ಇದ್ದವು. ಬಂದವರು ಚಪ್ಪಲಿಯ ಮಣ್ಣನ್ನೂ ಕೊಡವದೆ ನನ್ನ ಪಕ್ಕದ ಕುರ್ಚಿ ಎಳೆದುಕೊಂಡರು.

"ಈ 'ಅಲ್ಲ' ಅನ್ನೋ ಗುರುತು ನಾನು ಇನ್ನೂ ಎಲ್ಲೆಲ್ಲಿ ಹಾಕಿದೀನೋ ತೆಗೀರಿ, ನೋಡೋಣ."

ಸಂಜೆಯವರೆಗೂ ಕೂತು ನೋಡಿದೆವು. ಹೊಸ ವಾಕ್ಯಗಳಲ್ಲಿ ಖಾಲಿ ಜಾಗಕ್ಕೆ ಏನು ಮಾಡಬೇಕೆಂದು ಬಿಡಿಸಿ ಬರೆಯಲು ಹೇಳಿದರು. ಭಾಷೆ ತಾನಾಗಿ ಸರಿ ಮಾಡುತ್ತದೆ ಸಾರ್ ಎಂದೆ. "ಯಾವ ಭಾಷೇನೂ ನಂಬಬೇಡಿ" ಎಂದರು. ಬರೆದೆ.

ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕುವ ದಿನ ನಾನೂ ಹೋಗಿದ್ದೆ. ಅಜ್ಜಿ ಔಷಧಿಯ ಸೀಸೆ ಕೇಳಿ ತೆಗೆದುಕೊಂಡು, ಬಿಸಿಲಿಗೆ ಹಿಡಿದು, ಅಲ್ಲಾಡಿಸಿ ನೋಡಿದರು. ತಂಪಿನಲ್ಲೇ ತಂದಿದ್ದಾನಾ ಎಂದು ಅಕ್ಕನ ಮಗನನ್ನು ಕೇಳದೆ ನನ್ನನ್ನು ಕೇಳಿದರು. ಹೌದೆಂದೆ. ಆಮೇಲೂ ಮೊದಲ ಸೂಜಿಯನ್ನು ಒಂದು ಮುದಿ ಕುರಿಗೆ ಹಾಕಿಸಿ, ಅದು ನೆಟ್ಟಗೆ ಮೇಯುವುದನ್ನು ಕಂಡ ಮೇಲೆಯೇ ಉಳಿದವನ್ನು ಬಿಟ್ಟರು. ಅವರು ಹಿಡಿದುಕೊಟ್ಟರು, ಅವನು ಚುಚ್ಚಿದ.

ಕೊನೆಯಲ್ಲಿ ಅಜ್ಜಿ ಬುತ್ತಿ ಬಿಚ್ಚಿದರು. ನನಗೆ ಮುದ್ದೆ, ಸೊಪ್ಪಿನ ಸಾರು ಇಕ್ಕಿದರು. ಅವನು ಬೈಕಿನ ಕಡೆ ಹೊರಟಿದ್ದ.

"ಎಲ್ಲಿಗ್ಲಾ? ಉಂಡೋಗು" ಎಂದರು, ಅವನ ಮುಖ ನೋಡದೆ. ಅವನು ಕೈ ತೊಳೆದುಕೊಂಡು ಬಂದು, ಅವರಿಗಿಂತ ಸ್ವಲ್ಪ ದೂರದಲ್ಲೇ ಕೂತ.